ಬಿಲ್ಲಿಗೆ ಮರ ಆರಿಸುವಾಗ ಮೊದಲು ಬೆನ್ನು ನೋಡಿ

ನಾನು ಮಾಡಿದ ಮೊದಲ ಬಿಲ್ಲು ಮೂರನೇ ಬಾಣಕ್ಕೇ ಮುರಿಯಿತು. ಚಟ್ ಅಂತ ಒಂದು ಸದ್ದು, ಆಮೇಲೆ ಹೆದೆಗೆ ನೇತಾಡುವ ತುಂಡುಗಳು. ಮರ ರೆಡ್ ಓಕ್, ಗಟ್ಟಿಯದ್ದೇ. ಎಳೆ, ಅಂದರೆ ಮರದ ನಾರು ಓಡುವ ದಿಕ್ಕು, ನೋಡದೆ ಹಲಗೆ ತಂದಿದ್ದು ನನ್ನ ತಪ್ಪು.

ಬಿಲ್ಲಿನಲ್ಲಿ ಗುರಿಯ ಕಡೆಗಿರುವ ಮೈ ಬೆನ್ನು, ನಮ್ಮ ಕಡೆಯದು ಹೊಟ್ಟೆ. ಹೆದೆ ಎಳೆದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ. ಹೊಟ್ಟೆ ಸೋತರೆ ಬಿಲ್ಲು ಬಾಗಿದಂತೆಯೇ ಉಳಿದು ಮಂಕಾಗುತ್ತದೆ. ಬೆನ್ನು ಸೋತರೆ ಸಿಡಿಯುತ್ತದೆ. ಹಾಗಾಗಿ ಮೊದಲು ಬೆನ್ನು, ಮರದ ಜಾತಿ ಯಾವುದು ಅನ್ನೋದು ಆಮೇಲಿನ ಮಾತು.

ಹಲಗೆ ಕೊಳ್ಳುವುದಾದರೆ ಅಗಲದ ಮೈಯಲ್ಲಿರುವ ಒಂದು ಗೆರೆಯ ಮೇಲೆ ಪೆನ್ಸಿಲ್ ಇಟ್ಟು ತುದಿಯವರೆಗೆ ಹೋಗಿ. ಗೆರೆ ನಡುವೆಯೇ ಅಂಚಿನಿಂದ ಹೊರಗೆ ಜಾರಿದರೆ ಹಲಗೆ ವಾಪಸ್ ಇಡಿ. ಪಕ್ಕದ ಮೈಯನ್ನೂ ಹೀಗೇ ನೋಡಬೇಕು. ಗಂಟು ಬೇಡ. ಒಂದೇ ಅಳತೆಯ, ಒಂದೇ ಜಾತಿಯ ಎರಡು ಹಲಗೆ ಇದ್ದರೆ ತೂಕ ಜಾಸ್ತಿ ಇರುವುದನ್ನು ಆರಿಸಿ. ಒಂದೂ ಸರಿಯಿಲ್ಲದಿದ್ದರೆ ಬರಿಗೈಲಿ ಬನ್ನಿ.

ದಿಮ್ಮಿ ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ಗರಗಸ ಹಾಕಬೇಡಿ, ಬೆಣೆ ಹೊಡೆದು ಸೀಳಿ. ಸೀಳು ಎಳೆಯ ಜೊತೆಗೇ ಹೋಗುತ್ತದೆ. ಹಿಕರಿ, ಆಶ್, ಎಲ್ಮ್, ಮೇಪಲ್‌ನಂಥ ಬಿಳಿ ಮರಗಳಲ್ಲಿ ತೊಗಟೆ ಸುಲಿದರೆ ಕೆಳಗೆ ಸಿಗುವ ಮೈಯೇ ಬೆನ್ನು. ಅದಕ್ಕೆ ಕತ್ತಿ ತಾಗಿಸಬೇಡಿ.

ಓಸೇಜ್ ಆರೆಂಜ್, ಬ್ಲ್ಯಾಕ್ ಲೋಕಸ್ಟ್ ಹಾಗಲ್ಲ. ಹೊರಗಿನ ಬಿಳಿ ಪದರ ತೆಗೆದು ಚೇಗಿಗೆ, ಅಂದರೆ ಒಳಗಿನ ಬಲಿತ ಮರಕ್ಕೆ, ಇಳಿಯಬೇಕು. ಅಲ್ಲಿ ಮರ ವರ್ಷಕ್ಕೊಂದರಂತೆ ಬೆಳೆಸುವ ಉಂಗುರಗಳಲ್ಲಿ ಒಂದನ್ನೇ ಉದ್ದಕ್ಕೂ ಹಿಡಿದು ಹೋಗಬೇಕು. ಇದು ಕಣ್ಣಿಗಿಂತ ಕಿವಿಯ ಕೆಲಸ. ಎರಡು ಉಂಗುರಗಳ ನಡುವಿನ ತೂತುತೂತಾದ ಪದರದಲ್ಲಿ ಕತ್ತಿ ಕರಕರ ಅನ್ನುತ್ತದೆ. ಅದರ ಕೆಳಗಿನ ಗಟ್ಟಿ ಮರ ಸಿಕ್ಕ ಕೂಡಲೇ ಸದ್ದು ನಯವಾಗುತ್ತದೆ. ಅಲ್ಲೇ ನಿಲ್ಲಿ. ಒಂದೇ ಒಂದು ಕಡೆ ಆಳಕ್ಕೆ ಹೋದರೂ ಮುಂದಿನ ಉಂಗುರಕ್ಕೆ ಪೂರ್ತಿ ಇಳಿಯಬೇಕು. ಒಂದು ಸಂಜೆಯೆಲ್ಲ ಹೋಗುತ್ತೆ, ಹೋಗಲಿ.

ಯೂ ಮರದ್ದು ಬೇರೆ ಕಥೆ. ಹೊರಗಿನ ಬಿಳಿ ಪದರ ಹಿಗ್ಗಲು, ಒಳಗಿನ ಚೇಗು ಕುಗ್ಗಲು ಒಗ್ಗಿದೆ. ಎರಡು ಮರ ಅಂಟಿಸಿದಂತೆ, ಅಲ್ವಾ? 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಯುದ್ಧಹಡಗು ಮೇರಿ ರೋಸ್‌ನಲ್ಲಿ ಸಿಕ್ಕ ಉದ್ದನೆಯ ಬಿಲ್ಲುಗಳೆಲ್ಲ ಯೂ ಮರದವು.

ಕಡಿದ ದಿನವೇ ತುದಿಗಳಿಗೆ ಅಂಟು ಅಥವಾ ಪೇಂಟ್ ಬಳಿಯಿರಿ, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ನೆರಳಲ್ಲಿ ಒಣಗಿಸಿ. ವಾರಕ್ಕೊಮ್ಮೆ ತೂಗಿ, ತೂಕ ಇಳಿಯುವುದು ನಿಂತರೆ ಅಲ್ಲಿನ ಗಾಳಿಗೆ ಎಷ್ಟು ಒಣಗಬೇಕೋ ಅಷ್ಟು ಒಣಗಿದೆ. ತೇವ ಸುಮಾರು 8ರಿಂದ 10 ಶೇಕಡಾ ಇದ್ದರೆ ಸರಿ. ಹಿಕರಿ ಮುರಿಯುವುದು ಕಮ್ಮಿ, ಆದರೆ ತೇವ ಬೇಗ ಹೀರಿ ಸೋಮಾರಿಯಾಗುತ್ತದೆ.

ಇನ್ನು ಬೆನ್ನಿಗೆ ಅಂಟಿಸುವ ಪದರ. ರೇಷ್ಮೆ, ಲಿನನ್, ಹದ ಮಾಡದ ತೆಳು ತೊಗಲು ಸಿಬಿರು ಏಳದಂತೆ ಹಿಡಿಯುತ್ತವೆ. ಎಳೆ ಜಾರಿದ ಹಲಗೆಯನ್ನು ಇವು ಉಳಿಸುತ್ತವೆ ಅಂತ ನಂಬಬೇಡಿ. ಹಿಕರಿ ಪಟ್ಟಿ ಅಥವಾ ಬಿದಿರು ನಿಜವಾಗಿ ಭಾರ ಹೊರುತ್ತದೆ. ಬಿಲ್ಲು ಬಗ್ಗಿಸುವ ಮೊದಲೇ ಅದನ್ನು ಅಂಟಿಸಬೇಕು. ಬಿದಿರಿನ ಹೊರಮೈ ಕೀಸಬೇಡಿ, ಶಕ್ತಿ ಇರುವುದೇ ಅಲ್ಲಿ. ಆದರೆ ಬಿದಿರಿಗೆ ಜೊತೆಯಾಗಲು ಇಪೇ, ಓಸೇಜ್‌ನಂಥ ಗಟ್ಟಿ ಹೊಟ್ಟೆ ಬೇಕು. ಮೆದು ಮರವಾದರೆ ಬೆನ್ನು ಗೆಲ್ಲುತ್ತದೆ, ಹೊಟ್ಟೆಯಲ್ಲಿ ಅಡ್ಡಡ್ಡ ಸಣ್ಣ ಸುಕ್ಕು ಮೂಡುತ್ತದೆ. ಫೈಬರ್‌ಗ್ಲಾಸ್‌ಗೂ ಇದೇ ತೊಂದರೆ. ಪ್ರಾಣಿಗಳ ಕಾಲಿನ ಸ್ನಾಯುರಜ್ಜುವಿನ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ನಾರು ಅದ್ಭುತ, ಒಣಗುತ್ತಾ ಬಿಲ್ಲನ್ನೇ ಹಿಂದಕ್ಕೆ ಬಾಗಿಸುತ್ತದೆ. ಆದರೆ ಪೂರ್ತಿ ಒಣಗಲು ವಾರಗಟ್ಟಲೆ ಕಾಯಬೇಕು, ತೇವ ಕಂಡರೆ ಆಗದು. ಮೊದಲ ಬಿಲ್ಲಿಗೆ ಬೇಡ.

ಹೆದೆ ಕಟ್ಟುವ ಮೊದಲು ಒಂದು ಹತ್ತಿ ಉಂಡೆಯನ್ನು ಬೆನ್ನ ಮೇಲೆ ಸವರಿ. ಎಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಸಿಬಿರು ಎದ್ದಿದೆ. ಆಮೇಲೆ ಕನ್ನಡಕ ಹಾಕಿಕೊಂಡು ಒಂದೊಂದೇ ಇಂಚು ಎಳೆಯಿರಿ. ಟಿಕ್ ಅಂದರೆ ಅಲ್ಲೇ ನಿಲ್ಲಿಸಿ, ಬೆನ್ನನ್ನು ಬೆಳಕಿಗೆ ಹಿಡಿದು ನೋಡಿ.