ತಟ್ಟೆ ತೊಳೆದ ನೀರಲ್ಲೇ ಎದ್ದು ನಿಂತ ನಮ್ಮ ಶಾಲೆ ತೋಟ

ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆ. ಮಕ್ಕಳು ತೊಂಬತ್ತು ಚಿಲ್ಲರೆ. ಶಾಲೆಗೆ ಬೋರ್ ಇಲ್ಲ, ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು. ಇಲ್ಲಿ ಸಾವಯವ ಕೈತೋಟ ಮಾಡ್ತೀವಿ ಅಂದಾಗ ಎಸ್‌ಡಿಎಂಸಿ (ಶಾಲಾ ಉಸ್ತುವಾರಿ ಸಮಿತಿ) ಸಭೆಯಲ್ಲಿ ಹಿರಿಯರೊಬ್ಬರು, "ಮೇಷ್ಟ್ರೇ, ಶೇಂಗಾನೇ ಒಣಗೋ ನೆಲ ಇದು. ಹುಡುಗ್ರನ್ನ ಸುಮ್ನೆ ಬಿಸಿಲಿಗೆ ನಿಲ್ಲಿಸಬೇಡ್ರಿ" ಅಂದಿದ್ದರು. ಹೋದ ತಿಂಗಳು ಅವರೇ ಬದನೆ ಸಸಿ ಕೇಳಿಕೊಂಡು ಬಂದರು. ಹನ್ನೆರಡು ಸಸಿ ಕೊಟ್ಟು ಕಳಿಸಿದೆವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ಮಾತ್ರ ಅವರು ಹೇಳಿದ ಹಾಗೇ ಆಯಿತು. ಜೂನ್ 5ರ ಪರಿಸರ ದಿನಕ್ಕೆ ಎಲ್ಲರ ಹಾಗೆ ನಾವೂ ಬೀಜ ಹಾಕಿದೆವು. ಒಂದು ಟ್ರ್ಯಾಕ್ಟರ್ ಗೊಬ್ಬರಕ್ಕೆ 3,500, ಬೀಜಕ್ಕೆ ಏಳೆಂಟು ನೂರು, ಪೈಪಿಗೆ ಸಾವಿರದ ಮೇಲೆ. ಹೆಚ್ಚು ಕಡಿಮೆ ಆರು ಸಾವಿರ ಹೋಯಿತು, ಅರ್ಧ ನನ್ನ ಜೇಬಿನದು. ಗೊಬ್ಬರ ಸರಿಯಾಗಿ ಕಳಿತಿರಲಿಲ್ಲ. ಕೈ ಹಾಕಿದರೆ ಒಳಗೆ ಇನ್ನೂ ಬಿಸಿ ಇತ್ತು, ಆದರೂ ಆತುರಕ್ಕೆ ಬಿದ್ದು ಹಾಕಿಬಿಟ್ಟೆ. ಮೂರು ವಾರಕ್ಕೆ ಆ ಗೊಬ್ಬರದಲ್ಲಿದ್ದ ಗೊಣ್ಣೆಹುಳು ಟೊಮೆಟೊ ಬೇರನ್ನೆಲ್ಲ ತಿಂದು ಮುಗಿಸಿದವು. ಉಳಿದ ಬೆಂಡೆಗೆ ಬಿಳಿ ನೊಣ ಬಂದು ಎಲೆಯ ನರವೆಲ್ಲ ಹಳದಿ. ಜುಲೈ ತುಂಬಾ ಬರೀ ಗಾಳಿ, ಮಳೆ ಇಲ್ಲ. ಮಕ್ಕಳು ಮನೆಯಿಂದ ಬಾಟಲಿಯಲ್ಲಿ ನೀರು ತಂದು ಹಾಕುತ್ತಿದ್ದರು. ಅದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು.

ನಮ್ಮ ಕಡೆ ಮಳೆ ನಂಬಬಹುದಾದದ್ದು ಆಗಸ್ಟ್ ಕೊನೆಗೆ ಶುರುವಾಗುವ ಹುಬ್ಬೆ, ಅದರ ಹಿಂದಿನ ಉತ್ತರೆ ಮಳೆಯಿಂದಲೇ ಅಲ್ವಾ. ಮಕ್ಕಳ ಅಪ್ಪ ಅಮ್ಮಂದಿರಿಗೆಲ್ಲ ಗೊತ್ತಿರುವ ವಿಷಯ, ಮೇಷ್ಟ್ರಿಗೆ ತಲೆಗೆ ಹತ್ತಲು ಒಂದು ವರ್ಷ ಬೇಕಾಯಿತು. ಎರಡನೇ ವರ್ಷ ಜೂನ್, ಜುಲೈ ಬರೀ ನೆಲ ತಯಾರಿಗೆ ಇಟ್ಟುಕೊಂಡೆವು. ಬೀಜ ಬಿದ್ದದ್ದು ಆಗಸ್ಟ್ ಕೊನೆಗೆ.

ಗೊಬ್ಬರಕ್ಕೆ ಈ ಸಲ ಟ್ರ್ಯಾಕ್ಟರ್ ತರಿಸಲಿಲ್ಲ. ಏಳನೇ ತರಗತಿಯ ಇಬ್ಬರು ಹುಡುಗರ ಮನೆಯಲ್ಲಿ ಕುರಿ ಇವೆ. ಅವರ ಮಂದೆಯನ್ನು ಎರಡು ರಾತ್ರಿ ತೋಟದ ಜಾಗದಲ್ಲೇ ತರುಬಿಸಿದೆವು, ಅಂದರೆ ಹಿಕ್ಕೆ, ಗಂಜಲ ಅಲ್ಲೇ ಬೀಳಲಿ ಅಂತ ಕೂಡಿಹಾಕಿದೆವು. ರಾತ್ರಿಗೆ ನಾಲ್ಕು ನೂರು ಕೊಟ್ಟ ನೆನಪು. ಬೆಳಗ್ಗೆ ಬಂದು ನೋಡಿದರೆ ನೆಲ ಪೂರ್ತಿ ಹಿಕ್ಕೆ, ಗಂಜಲದ ವಾಸನೆ. ಅವತ್ತೇ ಅಗೆದು ಮಣ್ಣಿಗೆ ಸೇರಿಸಿದೆವು. ಒಂದು ತೊಂದರೆ ಹೇಳಲೇಬೇಕು: ಕುರಿ ಬಳ್ಳಾರಿ ಜಾಲಿ ಕಾಯಿ ತಿಂದಿರುತ್ತವೆ, ಹಿಕ್ಕೆಯಲ್ಲಿ ಬೀಜ ಬಂದು ಹದಿನೈದು ದಿನಕ್ಕೆ ತೋಟದ ತುಂಬಾ ಜಾಲಿ ಸಸಿ. ಮಕ್ಕಳು ಎಣಿಸಿಕೊಂಡೇ ಕಿತ್ತರು, ನಾಲ್ಕು ನೂರು ದಾಟಿದ ಮೇಲೆ ಎಣಿಸುವುದು ಬಿಟ್ಟರು. ಬೇರು ಇಳಿಯುವ ಮೊದಲು ಕಿತ್ತರೆ ಸುಲಭ.

ಇನ್ನು ನೀರು. ಇದು ನನ್ನ ಬುದ್ಧಿಯಲ್ಲ, ಆರನೇ ತರಗತಿಯ ಒಬ್ಬ ಹುಡುಗಿಯದು. ಊಟ ಆದ ಮೇಲೆ ತಟ್ಟೆ ತೊಳೆಯುತ್ತಾ, "ಸಾರ್, ನಮ್ಮನೇಲಿ ಬಚ್ಚಲ ನೀರು ಬಾಳೆಗೆ ಬಿಡ್ತೀವಿ, ಇದು ಸುಮ್ನೆ ಚರಂಡಿಗೆ ಹೋಗ್ತಿದೆಯಲ್ಲ" ಅಂದಳು. ಅವತ್ತು ಬಕೆಟ್ ಇಟ್ಟು ಅಳೆದೆವು. ಒಬ್ಬರಿಗೆ ಒಂದೂವರೆಯಿಂದ ಎರಡು ಲೀಟರ್, ಒಟ್ಟು ನೂರೈವತ್ತರ ಮೇಲೆ. ಮೂರಡಿ ಅಗಲ, ಹನ್ನೆರಡು ಅಡಿ ಉದ್ದದ ಎಂಟು ಮಡಿಗೆ, ಅಂದರೆ ಪಾತಿಗೆ, ಇದು ಧಾರಾಳ.

ಆದರೆ ನೇರವಾಗಿ ಬಿಟ್ಟಾಗ ಕೆಟ್ಟಿತು. ಅನ್ನದ ಅಗುಳಿಗೆ ಇರುವೆ, ಸಾರಿನ ಎಣ್ಣೆಗೆ ಮಣ್ಣಿನ ಮೇಲೆ ಜಿಡ್ಡಿನ ಪದರ, ಸೋಪಿನ ಪುಡಿಗೆ ಪಾಲಕ್ ಎಲೆಯ ಅಂಚು ಸುಟ್ಟಂತೆ ಆಯಿತು. ಹತ್ತು ದಿನಕ್ಕೆ ಎರಡು ಮಡಿ ಹೋದವು. ಆಮೇಲೆ ಹಳೆ ಡ್ರಮ್ಮಿನಲ್ಲಿ ಕೆಳಗೆ ಜಲ್ಲಿ, ಮೇಲೆ ಮರಳು, ಅದರ ಮೇಲೆ ಗೋಣಿಚೀಲ ಹಾಕಿ ಸೋಸಲು ಶುರು ಮಾಡಿದೆವು. ಗೋಣಿ ದಿನಾ ಒದರಬೇಕು, ಒಂದು ದಿನ ಬಿಟ್ಟರೂ ನಾತ ಹೊಡೆಯುತ್ತದೆ. ಒದರುವುದು ಯಾರ ಸರದಿ ಅಂತ ಗೋಡೆ ಮೇಲೆ ಚಾರ್ಟ್ ಇದೆ, ನನ್ನ ಹೆಸರೂ ಇದೆ. ಸೋಪಿನ ಪುಡಿ ಬದಲು ಬೂದಿ ಅಂದಾಗ ಅಡುಗೆ ಅಕ್ಕ ಮೊದಲು ಒಪ್ಪಲಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಯಿಂದ ನಮ್ಮ ಸಂಬಂಧಿಕರು ಎರಡು ಚೀಲ ಭತ್ತದ ಹೊಟ್ಟಿನ ಬೂದಿ ತಂದುಕೊಟ್ಟರು. ಜರಡಿ ಹಿಡಿದು, ತೆಂಗಿನ ನಾರಿನಲ್ಲಿ ಉಜ್ಜಿದರೆ ತಟ್ಟೆ ಫಳಫಳ. ಅಕ್ಕ ಈಗ ಮನೆಗೂ ಒಯ್ಯುತ್ತಾರೆ. ಉಳಿದ ಬೂದಿಯನ್ನು ಬೆಳಗ್ಗೆ ಇಬ್ಬನಿ ಇರುವಾಗ ಅವರೆ ಕುಡಿ ಮೇಲೆ ಉದುರಿಸಿದೆವು. ಗಿಡಹೇನು ಮುಕ್ಕಾಲು ಪಾಲು ಕಡಿಮೆಯಾದವು.

ಮಧ್ಯೆ ಇನ್ನೊಂದು ಪ್ರಯೋಗ. ಎಣ್ಣೆ ಮಿಲ್ಲುಗಳ ಊರು ನಮ್ಮದು, ಶೇಂಗಾ ಸಿಪ್ಪೆಗೆ ಬರ ಇಲ್ಲ. ತೇವ ಆರದಂತೆ ಮಣ್ಣಿಗೆ ಹೊದಿಸಲು ಚೆನ್ನಾಗಿರುತ್ತದೆ ಅಂತ ಎರಡು ಮಡಿಗೆ ದಪ್ಪಗೆ ಹಾಸಿದರೆ ವಾರದಲ್ಲಿ ಗೆದ್ದಲು. ಎತ್ತಿ ಗುಂಡಿಗೆ ಹಾಕಿ, ಸಗಣಿ ನೀರು ಚಿಮುಕಿಸಿ ನಾಲ್ಕು ತಿಂಗಳು ಬಿಟ್ಟೆವು. ಈಗ ಕೈಯಲ್ಲಿ ಹಿಡಿದರೆ ಚಹಾ ಪುಡಿ ಹಾಗೆ ಉದುರುತ್ತದೆ.

ಸಗಣಿ, ಗಂಜಲ ಕೊಳೆಸಿ ಮಾಡುವ ದ್ರವ ಗೊಬ್ಬರ ಜೀವಾಮೃತದ ಅಳತೆ ನಿಮಗೆಲ್ಲ ಗೊತ್ತಿರುವುದೇ, 200 ಲೀಟರ್ ನೀರಿಗೆ ಹತ್ತು ಕೆಜಿ ಸಗಣಿ, ಎರಡು ಕೆಜಿ ಬೆಲ್ಲ, ಎರಡು ಕೆಜಿ ಬೇಳೆ ಹಿಟ್ಟು, ಗಂಜಲ, ಬದುವಿನ ಮಣ್ಣು. ನಾವು ಹಿಟ್ಟಿನ ಜಾಗಕ್ಕೆ ಬೇರೆ ಒಂದು ಹಾಕುತ್ತೇವೆ, ಖರ್ಚು ಅರ್ಧ. ಏನು ಅಂತ ಇಲ್ಲಿ ಹೇಳುವುದಿಲ್ಲ. ಅದು ಮಕ್ಕಳು ಕಂಡುಹಿಡಿದದ್ದು, ಈ ಸಲದ ವಿಜ್ಞಾನ ವಸ್ತು ಪ್ರದರ್ಶನಕ್ಕೆ ಇಟ್ಟುಕೊಂಡಿದ್ದಾರೆ.

ಲೆಕ್ಕ ಬೇಕಾದರೆ, ಎರಡನೇ ವರ್ಷದ ಖರ್ಚು ಎರಡು ಸಾವಿರದ ಒಳಗೆ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಸೊಪ್ಪೇ ಒಂದು ಕ್ವಿಂಟಾಲ್ ಹತ್ತಿರ, ಬದನೆ ಮೂವತ್ತೈದು ನಲವತ್ತು ಕೆಜಿ, ಗೋರಿಕಾಯಿ ತೂಕ ಹಾಕಲಿಲ್ಲ. ವಾರದಲ್ಲಿ ಮೂರು ದಿನ ಬಿಸಿಯೂಟಕ್ಕೆ ಸೊಪ್ಪು ಹೊರಗಿನಿಂದ ತರಲಿಲ್ಲ. ಸಾರಿನಲ್ಲಿ ಸೊಪ್ಪು ಕಂಡರೆ ಪಕ್ಕಕ್ಕೆ ಎತ್ತಿಡುತ್ತಿದ್ದ ಮಕ್ಕಳು ಈಗ "ಇದು ನಮ್ಮ ಮಡೀದು" ಅಂತ ಕೇಳಿ ಹಾಕಿಸಿಕೊಳ್ಳುತ್ತಾರೆ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ.

ಬೇಸಿಗೆ ರಜೆಯಲ್ಲಿ ಬಿಸಿಯೂಟವೂ ಇಲ್ಲ, ತಟ್ಟೆ ನೀರೂ ಇಲ್ಲ. ಮಡಿಗಳನ್ನು ಬಿಟ್ಟುಬಿಟ್ಟೆವು. ನುಗ್ಗೆ, ಪಪ್ಪಾಯ, ಕರಿಬೇವಿನ ಬುಡಕ್ಕೆ ಮಾತ್ರ ಒಂದೊಂದು ಮಣ್ಣಿನ ಮಡಕೆ ಹೂತು, ತಳಕ್ಕೆ ಸಣ್ಣ ತೂತು ಮಾಡಿ ಬತ್ತಿ ಇಟ್ಟೆವು. ಹನ್ನೆರಡು ಮಡಕೆ, ಒಂದಕ್ಕೆ ಎಂಬತ್ತು ರೂಪಾಯಿ. ಗೇಟಿನ ಕೀಲಿ ಪಕ್ಕದ ಮನೆಯಲ್ಲಿ, ವಾರಕ್ಕೆ ಎರಡು ಸಲ ನೀರು ತುಂಬುವುದು ಕುರಿ ಮನೆಯ ಆ ಇಬ್ಬರು ಹುಡುಗರ ಕೆಲಸ. ಮೇ ಕೊನೆಗೆ ಬಂದು ನೋಡಿದಾಗ ಹನ್ನೆರಡರಲ್ಲಿ ಹತ್ತು ಗಿಡ ಹಸಿರಾಗಿದ್ದವು. ಒಣಗಿದ ಎರಡೂ ಪಪ್ಪಾಯ. ಆ ಎರಡು ಮಡಕೆಯ ಬತ್ತಿ ಕಟ್ಟಿಕೊಂಡಿತ್ತು, ಈ ಸಲ ಹಳೆ ಕಾಟನ್ ಪಂಚೆಯ ಬತ್ತಿ ಹಾಕಿ ನೋಡುತ್ತಿದ್ದೇವೆ.