ವಾಹನವಿಲ್ಲದ ಪೇಟೆಬೀದಿಯಲ್ಲಿ ಬೀದಿ ವ್ಯಾಪಾರವನ್ನು ವ್ಯವಸ್ಥೆಗೊಳಿಸುವ ಬಗೆ

ನಗರದ ನಡುಪೇಟೆಯ ಬೀದಿಯೊಂದಕ್ಕೆ ವಾಹನಗಳ ಪ್ರವೇಶ ನಿಲ್ಲಿಸಿ ಅದನ್ನು ನಡೆಯುವವರಿಗೆ ಬಿಟ್ಟುಕೊಟ್ಟರೆ ಅಲ್ಲಿ ಜನ ಸೇರುತ್ತಾರೆ, ಜನ ಸೇರಿದಲ್ಲಿಗೆ ಮಾರುವವರೂ ಬರುತ್ತಾರೆ. ಬೆಂಗಳೂರಿನ ಚರ್ಚ್ ಸ್ಟ್ರೀಟನ್ನು 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನಮುಕ್ತಗೊಳಿಸಿದಂತಹ ಪ್ರಯೋಗವನ್ನು ತಮ್ಮ ಊರಿನಲ್ಲೂ ಮಾಡಬೇಕೆಂದಿರುವ ನಗರಸಭೆ, ಪುರಸಭೆಗಳ ಅಧಿಕಾರಿಗಳಿಗೆ, ವರ್ತಕರ ಸಂಘಗಳಿಗೆ ಮತ್ತು ಬೀದಿ ವ್ಯಾಪಾರಿಗಳ ಪ್ರತಿನಿಧಿಗಳಿಗೆ ಈ ಬರಹ. ಎಣಿಕೆ ಮತ್ತು ಅಳತೆ ಮುಗಿಯುವ ಮೊದಲು ಒಂದು ತಳ್ಳುಗಾಡಿಯನ್ನೂ ಅಲುಗಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾನೂನು ಹೇಳುವುದೂ ಹೆಚ್ಚುಕಡಿಮೆ ಅದನ್ನೇ.

ಬೀದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣಕ್ಕಾಗಿ 2014ರಲ್ಲಿ ಬಂದ ಕೇಂದ್ರ ಕಾಯ್ದೆಯ ಪ್ರಕಾರ, ಸಮೀಕ್ಷೆ ಮುಗಿದು ಮಾರಾಟ ಪ್ರಮಾಣಪತ್ರಗಳನ್ನು ಕೊಡುವವರೆಗೆ ಯಾವ ವ್ಯಾಪಾರಿಯನ್ನೂ ಒಕ್ಕಲೆಬ್ಬಿಸುವಂತಿಲ್ಲ. ಸಮೀಕ್ಷೆಯ ಹೊಣೆ ಪಟ್ಟಣ ವ್ಯಾಪಾರ ಸಮಿತಿಯದು. ಆಯುಕ್ತರು ಅಥವಾ ಮುಖ್ಯಾಧಿಕಾರಿಗಳು ಅಧ್ಯಕ್ಷರಾಗಿರುವ ಈ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು, ಬೀದಿ ವ್ಯಾಪಾರಿಗಳು ತಮ್ಮೊಳಗೇ ಚುನಾಯಿಸಿದ ಪ್ರತಿನಿಧಿಗಳಿಗೆ ಸಲ್ಲಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ನಿಮ್ಮ ಊರಿನಲ್ಲಿ ಸಮಿತಿ ಕಾಗದದ ಮೇಲಷ್ಟೇ ಇದ್ದರೆ ಅದನ್ನು ಮೊದಲು ಸರಿಪಡಿಸಿಕೊಳ್ಳಿ, ಏಕೆಂದರೆ ಸಮಿತಿಯಿಲ್ಲದೆ ಮಾಡಿದ ತೀರ್ಮಾನ ನ್ಯಾಯಾಲಯದ ಮುಂದೆ ನಿಲ್ಲುವುದು ಕಷ್ಟ.

ಎಣಿಕೆಗೆ ಹೋಗುವವರು ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ಒಂದು ಗಂಟೆಗೆ ಮರಳಿದರೆ, ಸಂಜೆ ಆರರ ನಂತರ ಬರುವ ಪಾನಿಪುರಿ ಗಾಡಿಯವರೂ ನಸುಕಿನಲ್ಲಿ ಸೊಪ್ಪು ಮಾರಿ ಎಂಟರೊಳಗೆ ಮನೆ ಸೇರುವ ಹೆಂಗಸರೂ ಪಟ್ಟಿಯಿಂದ ಬಿಟ್ಟುಹೋಗುತ್ತಾರೆ. ಆದ್ದರಿಂದ ವಾರದ ದಿನ ಮತ್ತು ಭಾನುವಾರ, ಬೆಳಿಗ್ಗೆ ಮತ್ತು ರಾತ್ರಿ, ಕೊನೆಗೆ ಹಬ್ಬದ ಮುನ್ನಾದಿನ, ಹೀಗೆ ಬೇರೆ ಬೇರೆ ಹೊತ್ತಿನಲ್ಲಿ ಎಣಿಸಬೇಕು. ಕೂತು ಮಾರುವವರು, ಗಾಡಿಯಲ್ಲಿ ಸುತ್ತುವವರು ಮತ್ತು ಪೆಟ್ಟಿಗೆ ಅಂಗಡಿಯವರನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಿ. ಮೂವರ ಅಗತ್ಯವೂ ಬೇರೆ.

ಇನ್ನು ಅಳತೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ ಪಾದಚಾರಿ ಸೌಲಭ್ಯಗಳ ಬಗ್ಗೆ 2012ರಲ್ಲಿ ಹೊರತಂದ ಮಾರ್ಗಸೂಚಿಯು ವಾಣಿಜ್ಯ ಪ್ರದೇಶದಲ್ಲಿ ಕನಿಷ್ಠ 2.5 ಮೀಟರ್, ಜನದಟ್ಟಣೆ ತೀರಾ ಹೆಚ್ಚಿರುವಲ್ಲಿ 4 ಮೀಟರ್ ಅಗಲದ ಅಡೆತಡೆಯಿಲ್ಲದ ನಡೆದಾರಿಯನ್ನು ಸೂಚಿಸಿತ್ತು. ಇದನ್ನು ಮೊದಲು ತೆಗೆದಿಟ್ಟು, ಅಗ್ನಿಶಾಮಕ ವಾಹನಕ್ಕೆ ಬೇಕಾದ ದಾರಿಯನ್ನು ಆ ಇಲಾಖೆಯಿಂದಲೇ ಕೇಳಿ ಗುರುತಿಸಿ, ಉಳಿದದ್ದನ್ನು ವ್ಯಾಪಾರಕ್ಕೆ ಹಂಚಬೇಕು. ನಕ್ಷೆ ಹಾಕುವವರು ಸಾಮಾನ್ಯವಾಗಿ ತಪ್ಪುವುದು ಇಲ್ಲಿಯೇ. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಹೂ ಮಾರುವಾಕೆಯ ಎದುರು ಹತ್ತು ನಿಮಿಷ ನಿಂತು ನೋಡಿ. ಬುಟ್ಟಿ, ಮಣೆ ಎಲ್ಲ ಸೇರಿ ಹಿಡಿಯುವ ಜಾಗ ನಾಲ್ಕೈದು ಅಡಿ. ಆದರೆ ಆಕೆ ಮೊಳ ಹಾಕಿ, ನೂಲು ಕತ್ತರಿಸಿ, ಹೂವನ್ನು ಎಲೆಯಲ್ಲಿ ಸುತ್ತಿಕೊಡುವಷ್ಟು ಹೊತ್ತು ಕೊಳ್ಳುವವರು ಎದುರಿಗೆ ನಿಂತೇ ಇರುತ್ತಾರೆ. ಅವರ ಹಿಂದೆ ಸರದಿಗೆ ಕಾಯುವ ಇನ್ನೊಬ್ಬರು, ಪಕ್ಕದಲ್ಲಿ ಚೀಲ ಕೆಳಗಿಟ್ಟು ಚಿಲ್ಲರೆ ಹುಡುಕುವ ಮತ್ತೊಬ್ಬರು. ದಾರಿ ಕಟ್ಟುವುದು ಬುಟ್ಟಿಯಿಂದಲ್ಲ, ಹೀಗೆ ನಿಂತವರಿಂದ. ತಟ್ಟೆ ಹಿಡಿದು ತಿನ್ನುವ ಗಾಡಿಗಳ ಮುಂದೆ ಈ ನಿಲ್ಲುವ ಜಾಗ ಇನ್ನೂ ಹೆಚ್ಚು ಬೇಕು. ಆದ್ದರಿಂದ ಸುಣ್ಣದ ಗೆರೆ ಎಳೆಯುವಾಗ ಮಾರುವವರ ಚೌಕಕ್ಕೆ ಕೊಳ್ಳುವವರ ಚೌಕವನ್ನೂ ಸೇರಿಸಿ ಎಳೆಯಿರಿ. ಬೀದಿಯ ತಿರುವು, ಗಾಲಿಕುರ್ಚಿ ಹತ್ತುವ ಇಳಿಜಾರು, ಅಂಧರಿಗಾಗಿ ಹಾಕಿದ ಉಬ್ಬುಗೆರೆಯ ಹಾಸು, ಚರಂಡಿಯ ಮುಚ್ಚಳ, ಇವುಗಳ ಮೇಲೆ ಒಂದು ಸ್ಟೂಲನ್ನೂ ಇಡಗೊಡಬಾರದು. ಗಾಡಿಯ ಕೊಡೆಯ ಕಡ್ಡಿ ನಡೆಯುವವರ ಕಣ್ಣಿನ ಮಟ್ಟಕ್ಕೆ ಬಾರದಂತೆ ಎತ್ತರವನ್ನೂ ಹೇಳಿಬಿಡಿ.

ಕೆಲವು ಕಡೆ ಮುಕ್ತ ವ್ಯಾಪಾರ, ಕೆಲವು ಕಡೆ ನಿರ್ಬಂಧಿತ ವ್ಯಾಪಾರ, ಕೆಲವು ಕಡೆ ನಿಷೇಧ ಎಂದು ವಲಯ ಮಾಡುವ ಅಧಿಕಾರ, ಕಾಯ್ದೆಯಡಿ ಸ್ಥಳೀಯ ಸಂಸ್ಥೆ ರೂಪಿಸುವ ಬೀದಿ ವ್ಯಾಪಾರ ಯೋಜನೆಯಲ್ಲಿದೆ. ಆದರೆ ಬಹುಕಾಲದಿಂದ ಕೊಳ್ಳುವವರೂ ಮಾರುವವರೂ ಸೇರುತ್ತ ಬಂದ ಸಹಜ ಮಾರುಕಟ್ಟೆಯೆಂದು ಸಮೀಕ್ಷೆಯಲ್ಲಿ ಗುರುತಿಸಿದ ಜಾಗವನ್ನು ನಿಷೇಧ ವಲಯವೆಂದು ಸಾರುವಂತಿಲ್ಲ; ಜನಸಂದಣಿಯನ್ನು ಕಾರಣವಾಗಿ ತೋರಿಸುವಂತೆಯೂ ಇಲ್ಲ. ಇಡೀ ಬೀದಿಯನ್ನು ಸುಂದರವಾಗಿಸುವ ಹೆಸರಿನಲ್ಲಿ ತೆರವು ಮಾಡಿಸಬಯಸುವವರು ಈ ಎರಡು ಮಾತುಗಳನ್ನು ಮತ್ತೆ ಮತ್ತೆ ಓದಿಕೊಳ್ಳಬೇಕು.

ಗುರುತಿಸಿದ ಜಾಗಗಳಿಗಿಂತ ಅರ್ಹರು ಹೆಚ್ಚಿದ್ದರೆ ಪಾಳಿಯ ಪದ್ಧತಿ ಒಳ್ಳೆಯದು. ಬೆಳಿಗ್ಗೆ ಹೂವು, ಹಣ್ಣು, ಸಂಜೆ ತಿಂಡಿ. ಒಂದೇ ಚೌಕ ಎರಡು ಮನೆಗಳಿಗೆ ಅನ್ನವಾಗುತ್ತದೆ. ಯಾರಿಗೆ ಯಾವ ಚೌಕ ಎಂಬುದನ್ನು ಎಲ್ಲರೆದುರು ಚೀಟಿ ಎತ್ತಿ ನಿರ್ಧರಿಸಿ. ಪ್ರಮಾಣಪತ್ರ ಪಡೆದವರು ಸ್ವತಃ ಅಥವಾ ಮನೆಯವರ ಮೂಲಕವೇ ವ್ಯಾಪಾರ ಮಾಡಬೇಕು, ಅದನ್ನು ಬಾಡಿಗೆಗೆ ಕೊಡುವಂತಿಲ್ಲ ಎಂಬ ನಿಯಮವನ್ನು ಸಡಿಲಿಸಿದರೆ ಎರಡೇ ವರ್ಷದಲ್ಲಿ ಬೀದಿಯು ನಾಲ್ಕು ಮಂದಿಯ ಕೈಗೆ ಹೋಗುತ್ತದೆ. ಪೆಟ್ಟಿಗೆ ಅಂಗಡಿಗಳ ವಿಷಯದಲ್ಲಿ ಹೆಚ್ಚು ಜಾಗ್ರತೆ ಬೇಕು, ಏಕೆಂದರೆ ಅವು ರಾತ್ರಿಯೂ ಅಲ್ಲಿಯೇ ಉಳಿಯುತ್ತವೆ; ನೋಟಕ್ಕೆ ಅಡ್ಡ ಬಾರದ ಗಾತ್ರ, ಬೀದಿಯತ್ತ ಚಾಚದ ಬಾಗಿಲು, ಅನುಮತಿ ಪಡೆದ ವಿದ್ಯುತ್ ಸಂಪರ್ಕ ಇವಿಷ್ಟನ್ನು ಕಡ್ಡಾಯ ಮಾಡಿ. ತಿಂಡಿಗಾಡಿಗಳಿಗೆ ಹತ್ತಿರದಲ್ಲೇ ನೀರಿನ ನಲ್ಲಿ ಮತ್ತು ಕಸದ ತೊಟ್ಟಿ ಕೊಡದೆ ಸ್ವಚ್ಛತೆಗಾಗಿ ದಂಡ ಹಾಕುವುದು ಅನ್ಯಾಯ.

ಬೀದಿಯನ್ನು ಒತ್ತುವುದರಲ್ಲಿ ಕಟ್ಟಡದ ಅಂಗಡಿಗಳ ಪಾಲೂ ಕಡಿಮೆಯಲ್ಲ. ಮೆಟ್ಟಿಲು, ಬಟ್ಟೆ ತೊಡಿಸಿದ ಗೊಂಬೆ, ನಿಲ್ಲಿಸಿದ ಫಲಕ ಹೀಗೆ ಅಂಗಡಿ ಹೊರಗೆ ಬರುತ್ತಲೇ ಇರುತ್ತದೆ. ಬೀದಿ ಅಳೆದ ಅದೇ ಟೇಪನ್ನು ಅವರ ಹೊಸ್ತಿಲಿನಿಂದಲೂ ಹಿಡಿಯಿರಿ. ಅಂಗಡಿಯ ಮುಂದಿನ ಸಾರ್ವಜನಿಕ ಜಾಗಕ್ಕೆ ಮಾಲೀಕರು ವ್ಯಾಪಾರಿಗಳಿಂದ ಗುಟ್ಟಾಗಿ ಬಾಡಿಗೆ ವಸೂಲಿ ಮಾಡುತ್ತಿದ್ದರೆ, ವ್ಯಾಪಾರದ ಶುಲ್ಕಕ್ಕೆ ಮುದ್ರಿತ ರಸೀದಿ ಕಡ್ಡಾಯವಾದ ದಿನವೇ ಅದು ಬಯಲಾಗುತ್ತದೆ.

ನಿಯಮ ಮೀರಿದವರ ಸರಕನ್ನು ವಶಪಡಿಸಿಕೊಳ್ಳಬೇಕಾಗಿ ಬಂದಾಗ ಸ್ಥಳದಲ್ಲೇ ಪಟ್ಟಿ ಮಾಡಿ, ಸಹಿ ಹಾಕಿದ ಪ್ರತಿಯನ್ನು ವ್ಯಾಪಾರಿಯ ಕೈಗೆ ಕೊಡಬೇಕು. ಕೊಳೆಯುವ ಸರಕನ್ನು ಕೇಳಿದ ದಿನವೇ, ಉಳಿದುದನ್ನು ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ಲಾರಿಗೆ ಸುರಿದ ಟೊಮೆಟೊ ಸಂಜೆಗೆ ರಸವಾಗಿರುತ್ತದೆ, ಆ ದಿನದ ಸಾಲದ ಬಂಡವಾಳವೂ ಅದರೊಂದಿಗೆ ಹೋಗಿರುತ್ತದೆ. ಆದ್ದರಿಂದ ತೂಕ ಹಾಕಿ, ಬುಟ್ಟಿಯಲ್ಲೇ ಇಟ್ಟು ಸಾಗಿಸುವುದನ್ನು ಸಿಬ್ಬಂದಿಗೆ ಕಲಿಸಿ. ಸ್ಥಳಾಂತರ ಅನಿವಾರ್ಯವಾದರೆ 30 ದಿನಗಳ ನೋಟಿಸ್ ಕೊಡಬೇಕು.

ಚೌಕಗಳ ಸಂಖ್ಯೆ, ಪಾಳಿಯ ಹೊತ್ತು, ಶುಲ್ಕ ಮತ್ತು ದೂರು ಕೊಡಬೇಕಾದ ಕುಂದುಕೊರತೆ ಸಮಿತಿಯ ವಿಳಾಸವಿರುವ ನಕ್ಷೆಯನ್ನು ಬೀದಿಯ ಎರಡೂ ತುದಿಯಲ್ಲಿ ಕನ್ನಡದಲ್ಲಿ ತೂಗುಹಾಕಿ. ಗೌರಿ-ಗಣೇಶ, ದೀಪಾವಳಿಯಂತಹ ಹಬ್ಬಗಳಿಗೆ ಹಳ್ಳಿಗಳಿಂದ ಬರುವವರಿಗಾಗಿ ತಾತ್ಕಾಲಿಕ ಚೌಕಗಳನ್ನು ಅದೇ ನಕ್ಷೆಯಲ್ಲಿ ಬೇರೆ ಬಣ್ಣದಿಂದ ಮೊದಲೇ ಗುರುತಿಸಿಡಿ. ಐದು ವರ್ಷಕ್ಕೊಮ್ಮೆಯಾದರೂ ಮರುಸಮೀಕ್ಷೆ ಆಗಬೇಕಾದ್ದರಿಂದ ನಕ್ಷೆಯ ಕೆಳಗೆ ಮುಂದಿನ ಎಣಿಕೆಯ ವರ್ಷವನ್ನೂ ಬರೆಯಿರಿ.