ಸಂದರ್ಶನಕ್ಕೆ ಹೊರಡುವ ಮುನ್ನ ಮನಸ್ಸನ್ನು ಅಣಿಗೊಳಿಸಿಕೊಳ್ಳುವ ಬಗೆ

ಸಂದರ್ಶನದ ಕರೆಪತ್ರ ಕೈಗೆ ಬಂದ ದಿನದಿಂದಲೇ ಎದೆಯಲ್ಲೊಂದು ಕಳವಳ ಶುರುವಾಗುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರಗಳ ಮಕ್ಕಳಲ್ಲಿ ಅದು ತುಸು ಹೆಚ್ಚೇ ಇರುವುದನ್ನು ನಾನು ನೋಡಿದ್ದೇನೆ. ಕೆಲಸವಿರುವುದು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಗೋವಾದಲ್ಲೋ ಆಗಿರುತ್ತದೆ. ಘಟ್ಟದ ದಾರಿಯಲ್ಲಿ ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಹೋಗಬೇಕು. ಮನೆಯಲ್ಲಿ ಹವ್ಯಕ ಕನ್ನಡವನ್ನೋ ಕೊಂಕಣಿಯನ್ನೋ ಆಡಿ ಬೆಳೆದ ನಾಲಿಗೆ ಅಲ್ಲಿ ಇಂಗ್ಲಿಷಿನಲ್ಲಿ ಉತ್ತರ ಕೊಡಬೇಕು. ಹಲವು ವರ್ಷಗಳಿಂದ ಇಲ್ಲಿನ ಪದವೀಧರರನ್ನು ಸಂದರ್ಶನಕ್ಕೆ ಸಿದ್ಧಗೊಳಿಸುತ್ತ ಬಂದಿರುವ ನನಗೆ ಒಂದು ಮಾತು ಖಚಿತವಾಗಿದೆ. ಸಂದರ್ಶನದ ದಿನ ಬೆಳಿಗ್ಗೆ ಧೈರ್ಯವನ್ನು ಎಲ್ಲಿಂದಲೋ ತಂದುಕೊಳ್ಳಲು ಆಗುವುದಿಲ್ಲ. ಮೊದಲೇ ತೀರ್ಮಾನಿಸಬಹುದಾದ ಸಂಗತಿಗಳನ್ನೆಲ್ಲ ಮೊದಲೇ ತೀರ್ಮಾನಿಸಿ ಮುಗಿಸಿದವರ ಮನಸ್ಸು ಮಾತ್ರ ಆ ದಿನ ಹಗುರವಾಗಿರುತ್ತದೆ.

ಎದೆ ಡವಗುಟ್ಟುವುದು, ಅಂಗೈ ಬೆವರುವುದು, ಬಾಯಿ ಒಣಗುವುದು ಇವೆಲ್ಲ ದೌರ್ಬಲ್ಯದ ಗುರುತುಗಳಲ್ಲ. ಮುಖ್ಯವಾದ ಕೆಲಸವೊಂದು ಎದುರಿಗಿದೆ ಎಂದು ತಿಳಿದ ದೇಹವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಟ್ಟು ತನ್ನನ್ನು ತಾನು ಸಜ್ಜುಗೊಳಿಸಿಕೊಳ್ಳುವ ರೀತಿ ಇದು. ಹುರುಪು ಬಂದಾಗಲೂ ದೇಹದಲ್ಲಿ ಹೆಚ್ಚುಕಡಿಮೆ ಇದೇ ನಡೆಯುತ್ತದೆ. ಹಾರ್ವರ್ಡ್‌ನ ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೋ ಹಾಡುವುದಕ್ಕೋ ಲೆಕ್ಕ ಬಿಡಿಸುವುದಕ್ಕೋ ಮುಂಚೆ ‘ನನಗೆ ಹುರುಪು ಬಂದಿದೆ’ ಎಂದು ತಮಗೆ ತಾವೇ ಹೇಳಿಕೊಂಡವರು ‘ಸಮಾಧಾನವಾಗಿರಬೇಕು’ ಎಂದು ಹೇಳಿಕೊಂಡವರಿಗಿಂತ ಚೆನ್ನಾಗಿ ನಿರ್ವಹಿಸಿದ್ದರು. ಆದ್ದರಿಂದ ಹೆದರಿಕೆಯನ್ನು ಪೂರ್ತಿ ಓಡಿಸಬೇಕೆಂಬ ಹಟ ಬೇಡ. ಅದಕ್ಕೆ ಹುರುಪು ಎಂಬ ಹೆಸರು ಕೊಟ್ಟು ಜೊತೆಗೇ ಕರೆದುಕೊಂಡು ಹೋಗಿ.

ಇನ್ನು ಸಿದ್ಧತೆಯ ಮಾತು. ನಮ್ಮ ಕಡೆಯ ಬಹುತೇಕರು ಉತ್ತರಗಳನ್ನು ಬಾಯಿಪಾಠ ಮಾಡುತ್ತಾರೆ, ಕಳವಳ ಹೆಚ್ಚುವುದಕ್ಕೆ ಅದೇ ದೊಡ್ಡ ಕಾರಣ. ಬಾಯಿಪಾಠದಲ್ಲಿ ಒಂದು ಶಬ್ದ ತಪ್ಪಿದರೆ ಮುಂದಿನದೆಲ್ಲ ಕೈಬಿಟ್ಟು ಹೋಗುತ್ತದೆ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೂ ಕಲಿತದ್ದು ಉಪಯೋಗಕ್ಕೆ ಬರುವುದಿಲ್ಲ. ವೇಷ, ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿಯನ್ನು ನೆನಪಿಸಿಕೊಳ್ಳಿ. ಆತನ ಮುಂದೆ ಬರೆದಿಟ್ಟ ಮಾತು ಇರುವುದಿಲ್ಲ. ಪ್ರಸಂಗ ಗೊತ್ತು, ಪದ್ಯ ಗೊತ್ತು, ತನ್ನ ಪಾತ್ರದ ನಿಲುವು ಗೊತ್ತು; ಎದುರಿನ ಪಾತ್ರಧಾರಿ ಯಾವ ಕಡೆಯಿಂದ ಪ್ರಶ್ನೆ ಎಸೆದರೂ ಆ ಮೂರರ ಆಧಾರದ ಮೇಲೆ ಅಲ್ಲಿಯೇ ಮಾತು ಕಟ್ಟುತ್ತಾನೆ. ನೀವೂ ಹಾಗೆಯೇ ನಿಮ್ಮ ಓದಿನಿಂದ, ಕೆಲಸದಿಂದ, ಮನೆಯ ಹೊಣೆಗಾರಿಕೆಯಿಂದ ನಾಲ್ಕೈದು ನಿಜ ಘಟನೆಗಳನ್ನು ಆರಿಸಿ, ಪ್ರತಿಯೊಂದಕ್ಕೂ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆದುಕೊಳ್ಳಿ: ಏನು ಸಮಸ್ಯೆ ಇತ್ತು, ನಾನು ಏನು ಮಾಡಿದೆ, ಕೊನೆಗೆ ಏನಾಯಿತು. ವಾಕ್ಯಗಳನ್ನು ಕಂಠಪಾಠ ಮಾಡದೆ ಘಟನೆಗಳನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು, ದಿನಕ್ಕೊಮ್ಮೆ ಬೇರೆಬೇರೆ ಮಾತುಗಳಲ್ಲಿ ಗಟ್ಟಿಯಾಗಿ ಹೇಳಿ ನೋಡಿ.

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಸಹಕಾರಿ ಸಂಘವೊಂದರಲ್ಲಿ ಎರಡು ವರ್ಷ ಲೆಕ್ಕ ಬರೆದಿದ್ದ ಒಬ್ಬ ತಂಗಿ ಬ್ಯಾಂಕಿನ ಸಂದರ್ಶನಕ್ಕೆ ತಯಾರಾಗಲು ನನ್ನಲ್ಲಿಗೆ ಬಂದಿದ್ದಳು. ‘ನಿಮ್ಮ ಬಗ್ಗೆ ಹೇಳಿ’ ಎಂದರೆ ‘ನಾನು ಶ್ರಮಜೀವಿ, ಪ್ರಾಮಾಣಿಕಳು, ತಂಡದೊಂದಿಗೆ ಬೆರೆಯುತ್ತೇನೆ’ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದಳು, ಧ್ವನಿ ನಡುಗುತ್ತಿತ್ತು. ‘ಸಂಘದಲ್ಲಿ ವ್ಯಾಪಾರದ ದಿನ ನೀನು ಏನು ಮಾಡುತ್ತಿದ್ದೆ, ಅದನ್ನು ಹೇಳು’ ಎಂದೆ. ಚಾಲಿ, ರಾಶಿ, ಬೆಟ್ಟೆ ಎಂಬ ಬೇರೆಬೇರೆ ಬಗೆಯ ಅಡಿಕೆಯ ಲಾಟುಗಳ ತೂಕಚೀಟಿಗಳನ್ನು ಲೆಕ್ಕಕ್ಕೆ ಏರಿಸುವಾಗ ಇಬ್ಬರು ರೈತರ ಚೀಟಿಗಳು ಅದಲುಬದಲಾಗಿದ್ದನ್ನು ಸಂಜೆ ಲೆಕ್ಕ ಮುಚ್ಚುವ ಮೊದಲೇ ಕಂಡುಹಿಡಿದು, ಇಬ್ಬರಿಗೂ ಫೋನು ಮಾಡಿ ಸರಿಪಡಿಸಿದ್ದನ್ನು ಅವಳು ಹೇಳತೊಡಗಿದಳು. ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ನಡುಕ ನಿಂತಿತ್ತು. ತಾನು ಪ್ರಾಮಾಣಿಕಳು ಎಂದು ಬೇರೆಯಾಗಿ ಹೇಳುವ ಅಗತ್ಯವೂ ಉಳಿಯಲಿಲ್ಲ. ತನ್ನ ಕೈಯಿಂದ ಮಾಡಿದ ಕೆಲಸವನ್ನು ಹೇಳುವಾಗ ಯಾರಿಗೂ ಮಾತು ಹುಡುಕುವ ಕಷ್ಟ ಬರುವುದಿಲ್ಲ.

ಇಂಗ್ಲಿಷಿನ ಭಯವಿದ್ದವರು ಈ ಘಟನೆಗಳನ್ನು ಚಿಕ್ಕಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ನಿಧಾನವಾಗಿ ಹೇಳುವುದನ್ನು ರೂಢಿ ಮಾಡಿಕೊಂಡರೆ ಸಾಕು, ದೊಡ್ಡ ಶಬ್ದಗಳ ಹಿಂದೆ ಬೀಳುವುದು ಬೇಡ. ಅಣಕು ಸಂದರ್ಶನ ಮಾಡಿಸಿಕೊಳ್ಳುವಾಗ ಮನೆಯವರ ಮುಂದೆ ಕುಳಿತುಕೊಳ್ಳಬೇಡಿ, ಅವರು ನಿಮ್ಮನ್ನು ತಡೆದು ಕೇಳುವುದಿಲ್ಲ. ಊರಿನ ನಿವೃತ್ತ ಮೇಷ್ಟ್ರನ್ನೋ ಬ್ಯಾಂಕಿನಲ್ಲಿ ಕೆಲಸ ಮಾಡಿದ ಹಿರಿಯರನ್ನೋ ಕೇಳಿಕೊಳ್ಳಿ, ಮೇಜಿನ ಎದುರು ಕುಳಿತು, ಅಂದು ಹಾಕುವ ಬಟ್ಟೆಯನ್ನೇ ಹಾಕಿಕೊಂಡು ಎರಡು ಸಲವಾದರೂ ಮಾಡಿ. ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳಿದರೆ ಎಲ್ಲಿ ಓಡುತ್ತೀರಿ, ಎಲ್ಲಿ ತಡವರಿಸುತ್ತೀರಿ ಎಂಬುದು ನಿಮಗೇ ಗೊತ್ತಾಗುತ್ತದೆ.

ಪ್ರಯಾಣದ ವಿಷಯದಲ್ಲಿ ನನ್ನದು ಸ್ವಲ್ಪ ಕಟುವಾದ ಅಭಿಪ್ರಾಯ: ಸಂದರ್ಶನ ಬೆಂಗಳೂರಿನಲ್ಲಿದ್ದರೆ ಹಿಂದಿನ ರಾತ್ರಿಯ ಬಸ್ಸು ಹತ್ತಲೇಬಾರದು. ನನ್ನ ಮೊದಲ ಸಂದರ್ಶನಕ್ಕೆ ಜುಲೈ ತಿಂಗಳ ಮಳೆಯಲ್ಲಿ ಶಿರಸಿಯಿಂದ ರಾತ್ರಿ ಬಸ್ಸಿನಲ್ಲಿ ಹೋಗಿದ್ದೆ. ದಾರಿಯಲ್ಲಿ ಮರ ಬಿದ್ದು ಬಸ್ಸು ಎರಡೂವರೆ ತಾಸು ನಿಂತಿತು. ನಿದ್ದೆಯಿಲ್ಲದೆ, ಒದ್ದೆ ಕಾಲುಚೀಲದಲ್ಲಿ, ಹೊಟ್ಟೆಗೆ ಏನೂ ಇಲ್ಲದೆ ಆ ಕೋಣೆಯೊಳಗೆ ಕಾಲಿಟ್ಟಾಗ ನನಗೆ ಗೊತ್ತಿದ್ದ ಉತ್ತರಗಳೂ ಹೊರಡಲಿಲ್ಲ. ಕಲಿತದ್ದು ಕಡಿಮೆಯಾಗಿತ್ತು ಎಂದು ಬಹುಕಾಲ ಕೊರಗಿದ್ದೆ. ಕಡಿಮೆಯಾಗಿದ್ದದ್ದು ನಿದ್ದೆ ಎಂದು ತಿಳಿಯಲು ವರ್ಷಗಳು ಹಿಡಿದವು. ಮಳೆಗಾಲದಲ್ಲಿ ದೇವಿಮನೆ, ಅರಬೈಲು ಘಟ್ಟಗಳನ್ನು ನಂಬುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾದಾಗ ಕರಾವಳಿಯ ಹೆದ್ದಾರಿಯೇ ಹಲವು ದಿನ ಬಂದಾಗಿತ್ತು. ಆದಕಾರಣ ಒಂದು ಹಗಲು ಮುಂಚಿತವಾಗಿ ಹೋಗಿ ನೆಂಟರ ಮನೆಯಲ್ಲೋ ಗೆಳೆಯರ ಕೋಣೆಯಲ್ಲೋ ಉಳಿದುಕೊಳ್ಳಿ, ಸಂಜೆಯೇ ಆ ಕಚೇರಿಯ ಗೇಟಿನವರೆಗೆ ಒಮ್ಮೆ ಹೋಗಿ ಬನ್ನಿ. ಕಂಡ ಜಾಗದ ಭಯ ಕಾಣದ ಜಾಗದ ಭಯಕ್ಕಿಂತ ಚಿಕ್ಕದು.

ಕರೆಪತ್ರ, ಅಂಕಪಟ್ಟಿಗಳು, ಗುರುತಿನ ಚೀಟಿ, ಝೆರಾಕ್ಸ್ ಪ್ರತಿಗಳು, ಫೋಟೋ ಇವನ್ನು ಕರೆಪತ್ರದಲ್ಲಿ ಕೇಳಿದ ಕ್ರಮದಲ್ಲಿಯೇ ಫೈಲಿನಲ್ಲಿ ಜೋಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಿ. ಮನೆಯವರ ಫೋನು ಕೂಡ ಮನಸ್ಸನ್ನು ಕದಡುತ್ತದೆ, ಅದು ಅವರ ಪ್ರೀತಿಯೇ ಆದರೂ. ‘ಆಯಿ, ಮುಗಿದ ಮೇಲೆ ನಾನೇ ಫೋನ್ ಮಾಡುತ್ತೇನೆ’ ಎಂದು ಅಮ್ಮನಿಗೆ ಹಿಂದಿನ ರಾತ್ರಿಯೇ ಹೇಳಿಬಿಡಿ.

ಬೆಳಿಗ್ಗೆ ದಿನವೂ ತಿನ್ನುವುದನ್ನೇ ತಿನ್ನಿ, ದೋಸೆಯಾದರೂ ಗಂಜಿಯಾದರೂ ಸರಿ. ಧೈರ್ಯ ಬರಲೆಂದು ಎರಡೆರಡು ಲೋಟ ಕಾಫಿ ಕುಡಿಯುವುದು ಬೇಡ; ಕೆಫೀನು ಎದೆಬಡಿತವನ್ನೂ ಕೈನಡುಕವನ್ನೂ ಹೆಚ್ಚಿಸುತ್ತದೆ, ಅದರ ಪ್ರಭಾವ ಹಲವು ತಾಸು ಉಳಿಯುತ್ತದೆ. ಮನೆಯ ಕಷಾಯದ ಪುಡಿ ಚೀಲದಲ್ಲಿದ್ದರೆ ಅದೇ ಒಳ್ಳೆಯದು. ಆಮೇಲೆ ಒಂದು ಹಾಳೆ ತೆಗೆದುಕೊಂಡು, ನಿಮ್ಮನ್ನು ಕಾಡುತ್ತಿರುವ ಆತಂಕಗಳನ್ನೆಲ್ಲ ಹತ್ತು ನಿಮಿಷ ಮುಚ್ಚುಮರೆಯಿಲ್ಲದೆ ಬರೆಯಿರಿ. ಮನೋವಿಜ್ಞಾನದ ಸಂಶೋಧಕರಾದ ಜೆರಾರ್ಡೊ ರಾಮಿರೆಜ್ ಮತ್ತು ಸಯಾನ್ ಬೀಲಾಕ್ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರೀಕ್ಷೆಗೆ ತುಸು ಮುಂಚೆ ಹೀಗೆ ಬರೆದ ವಿದ್ಯಾರ್ಥಿಗಳ, ಅದರಲ್ಲೂ ಹೆಚ್ಚು ಆತಂಕಪಡುವವರ, ಅಂಕಗಳು ಸುಧಾರಿಸಿದ್ದವು. ತಲೆಯಲ್ಲಿ ಸುತ್ತುತ್ತಿರುವುದು ಹಾಳೆಗೆ ಇಳಿದರೆ ಯೋಚನೆಗೆ ಜಾಗ ಸಿಗುತ್ತದೆ. ಬರೆದ ಹಾಳೆಯನ್ನು ಹರಿದು ಬಿಸಾಡಿದರೂ ನಡೆಯುತ್ತದೆ.

ಹೊರಗಿನ ಬೆಂಚಿನ ಮೇಲೆ ಕಾಯುವ ಹೊತ್ತು ಎಲ್ಲಕ್ಕಿಂತ ಕಠಿಣ. ಒಳಗೆ ಹೋಗಿ ಬಂದವರನ್ನು ಸುತ್ತುವರಿದು ‘ಏನು ಕೇಳಿದರು’ ಎಂದು ವಿಚಾರಿಸುವ ಗುಂಪಿಗೆ ಸೇರಬೇಡಿ, ಅವರಿಗೆ ಕೇಳಿದ್ದನ್ನೇ ನಿಮಗೂ ಕೇಳಬೇಕೆಂದಿಲ್ಲ. ಬೆನ್ನು ನೇರ ಮಾಡಿ, ಪಾದಗಳನ್ನು ನೆಲಕ್ಕೆ ಪೂರ್ತಿ ಊರಿ ಕುಳಿತು, ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ಎಳೆದು, ಆರು ಎಣಿಸುವಷ್ಟು ನಿಧಾನವಾಗಿ ಬಿಡಿ. ಉಸಿರು ಬಿಡುವಾಗ ಎದೆಬಡಿತ ತಾನಾಗಿ ತುಸು ಇಳಿಯುವುದು ದೇಹದ ಸಹಜ ಕ್ರಮ. ಬಿಡುವ ಉಸಿರನ್ನು ಉದ್ದಗೊಳಿಸಿದರೆ ಆ ಇಳಿತ ಹೆಚ್ಚುತ್ತದೆ. ಐದು ನಿಮಿಷ ಸಾಕು, ಆದರೆ ಹಿಂದಿನ ವಾರವೆಲ್ಲ ಮನೆಯಲ್ಲಿ ಅಭ್ಯಾಸ ಮಾಡಿರಬೇಕು.

ಒಳಗೆ ಒಂದು ಪ್ರಶ್ನೆಗೆ ಮನಸ್ಸು ಬರಿದಾದರೆ ಗಾಬರಿಯಿಂದ ಏನನ್ನೋ ಹೇಳಿಬಿಡಬೇಡಿ. ‘ಒಂದು ನಿಮಿಷ ಯೋಚಿಸಿ ಹೇಳಬಹುದೇ ಸರ್’ ಎಂದು ಕೇಳಿ, ಒಂದು ಉಸಿರು ಬಿಟ್ಟು, ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಮರಳಿ ಹೇಳಿಕೊಳ್ಳಿ. ಬಹಳ ಸಲ ಅಷ್ಟರಲ್ಲಿ ಉತ್ತರದ ತುದಿ ಸಿಗುತ್ತದೆ. ನಿಜವಾಗಿಯೂ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಹೇಳಿ. ಆ ಮಾತನ್ನು ತಲೆ ತಗ್ಗಿಸದೆ ಹೇಳುವುದನ್ನೂ ಅಣಕು ಸಂದರ್ಶನದಲ್ಲಿಯೇ ರೂಢಿ ಮಾಡಿಕೊಂಡಿರಬೇಕು.

ಸಂದರ್ಶನ ಮೊಬೈಲಿನಲ್ಲೋ ಲ್ಯಾಪ್‌ಟಾಪಿನಲ್ಲೋ ನಡೆಯುವುದಾದರೆ, ಕರೆಂಟೂ ನೆಟ್‌ವರ್ಕೂ ಕೈಕೊಡುವ ಹಳ್ಳಿಯ ಮನೆಯಿಂದ ಪ್ರಯತ್ನಿಸದೆ ಪೇಟೆಯ ನೆಂಟರ ಮನೆಗೆ ಹೋಗಿ, ಹಿಂದಿನ ದಿನ ಅದೇ ಹೊತ್ತಿನಲ್ಲಿ ಒಬ್ಬ ಗೆಳೆಯನಿಗೆ ವಿಡಿಯೋ ಕರೆ ಮಾಡಿ ನೋಡಿ.

ಮುಗಿಸಿ ಹೊರಬಂದ ಮೇಲೆ ಆಯಿಗೆ ಫೋನು ಮಾಡಿ. ನಂತರ ಊರಿನ ಬಸ್ಸು ಹೊರಡುವ ಮುಂಚೆಯೇ, ಕೇಳಿದ ಪ್ರಶ್ನೆಗಳನ್ನೆಲ್ಲ ನೆನಪಿದ್ದಂತೆ ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಯಾವುದಕ್ಕೆ ಮಾತು ಸಲೀಸಾಗಿ ಬಂತು, ಯಾವುದಕ್ಕೆ ತಡವರಿಸಿದಿರಿ ಎಂದು ಪಕ್ಕದಲ್ಲಿ ಗುರುತು ಹಾಕಿಡಿ. ಮುಂದಿನ ಕರೆಪತ್ರ ಬಂದಾಗ ಸಿದ್ಧತೆಯನ್ನು ಆ ಪುಟದಿಂದ ಶುರು ಮಾಡಬಹುದು.